ಪುಟ್ಟ ಮಕ್ಕಳ ಉಚ್ಚಾರಣೆ: ‘ರ’, ‘ಳ’, ‘ಸ’ ನಾಲಿಗೆಗೆ ಒಗ್ಗುವ ಬಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಒಂದರಿಂದ ಐದು ವರ್ಷದೊಳಗಿನ ಮಕ್ಕಳ ತಂದೆತಾಯಿಯರು, ಅಜ್ಜ ಅಜ್ಜಿಯರು, ಅಂಗನವಾಡಿ ಮತ್ತು ಶಿಶುವಿಹಾರಗಳ ಶಿಕ್ಷಕಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉದಾಹರಣೆಗಳೆಲ್ಲ ಕನ್ನಡದವೇ. ಇಂಗ್ಲಿಷ್ ಮಾತಾಡುವ ಮಕ್ಕಳಿಗಾಗಿ ತಯಾರಾದ ಪಟ್ಟಿಗಳಲ್ಲಿ ‘ಳ’ ಇರುವುದಿಲ್ಲ, ‘ಣ’ ಇರುವುದಿಲ್ಲ, ನಮ್ಮ ‘ರ’ಕ್ಕೂ ಅವರ ‘ರ’ಕ್ಕೂ ಸಂಬಂಧವೇ ಇಲ್ಲ. ಅಂಥ ಪಟ್ಟಿಯನ್ನು ಹಿಡಿದುಕೊಂಡು ಮನೆಯ ಮಗುವನ್ನು ಅಳೆಯಲು ಹೊರಟವರಿಗೆ ಸಿಗುವುದು ಆತಂಕವೊಂದೇ.

ನಮ್ಮ ಮಗುವಿಗೆ ಎರಡೂವರೆ ವರ್ಷ. ‘ಕಾರು’ ಎನ್ನುವಲ್ಲಿ ‘ಕಾಲು’ ಎನ್ನುತ್ತದೆ, ‘ಮರ’ ಎನ್ನುವಲ್ಲಿ ‘ಮಲ’ ಎನ್ನುತ್ತದೆ. ಇದು ದೋಷವೇ?

ಅಲ್ಲ. ನೆಂಟರ ಮುಂದೆ ‘ಮಲದ ಮೇಲೆ ಹಕ್ಕಿ’ ಎಂದಾಗ ಮುಜುಗರವಾಗಬಹುದು, ಆದರೆ ಈ ವಯಸ್ಸಿಗೆ ಅದು ಸಹಜವಾದ ಮಾತು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ ಇದೆ: ಮಗು ಮನಬಂದಂತೆ ತಪ್ಪುತ್ತಿಲ್ಲ. ‘ಕಾರು’ ‘ಕಾಲು’ ಆಗುವ ಬಾಯಲ್ಲಿ ‘ರೈಲು’ ‘ಲೈಲು’ ಆಗುತ್ತದೆ, ‘ನೀರು’ ‘ನೀಲು’ ಆಗುತ್ತದೆ. ಅಂದರೆ ಹೊರಡಿಸಲಾಗದ ಒಂದು ಧ್ವನಿಗೆ ಬದಲಾಗಿ ಕೈಗೆಟುಕುವ ಇನ್ನೊಂದನ್ನು ಎಲ್ಲ ಕಡೆಯೂ ಒಂದೇ ನಿಯಮದಂತೆ ಇಡುತ್ತಿದೆ. ‘ಕಾಗೆ’ಯನ್ನು ‘ತಾದೆ’ ಎನ್ನುವ ಮಗು ನಾಲಿಗೆಯ ಹಿಂಭಾಗದಲ್ಲಿ ಹುಟ್ಟಬೇಕಾದ ಧ್ವನಿಗಳನ್ನು ತುದಿಗೆ ತಂದುಕೊಂಡಿರುತ್ತದೆ. ‘ಸೊಪ್ಪು’ ‘ತೊಪ್ಪು’ ಆದಾಗ, ‘ಬಸ್ಸು’ ‘ಬಚ್ಚು’ ಆದಾಗ, ಉಸಿರನ್ನು ಸಣ್ಣ ಸಂದಿಯಲ್ಲಿ ಹರಿಯಬಿಡುವ ಕಷ್ಟದ ಕೆಲಸದ ಬದಲು ಒಮ್ಮೆ ತಡೆದು ಬಿಡುವ ಸುಲಭದ ಕೆಲಸ ನಡೆದಿರುತ್ತದೆ. ‘ಕಲ್ಲಂಗಡಿ’ ‘ಕಂಗಡಿ’ಯಾಗಿ ಮೊಟಕಾಗುವುದು, ‘ಚಪಾತಿ’ ‘ಪಚಾತಿ’ಯಾಗಿ ಸ್ಥಾನ ಬದಲಿಸುವುದು ಕೂಡ ಇದೇ ಸಾಲಿನವು.

ಹೀಗೆ ನಿಯಮ ಕಾಣುವ ತಪ್ಪು ಬೆಳವಣಿಗೆಯ ಗುರುತು. ಒಂದೇ ಪದವನ್ನು ಹೇಳಿದಾಗಲೆಲ್ಲ ಬೇರೆ ಬೇರೆ ರೀತಿಯಲ್ಲಿ ಹೇಳುವುದು, ವ್ಯಂಜನಗಳ ಜೊತೆಗೆ ಸ್ವರಗಳೂ ಅಸ್ತವ್ಯಸ್ತವಾಗುವುದು, ಹೇಳಬೇಕೆಂದು ಬಾಯಿ ತಡಕಾಡುವುದು ಕಂಡುಬಂದರೆ ಮಾತ್ರ ತಜ್ಞರನ್ನು ಕಾಣುವುದು ಒಳ್ಳೆಯದು.

ಯಾವ ಧ್ವನಿಗಳು ಮೊದಲು ಬರುತ್ತವೆ, ಯಾವುವು ತಡವಾಗಿ ಬರುತ್ತವೆ?

ಸುಮಾರು ಆರು ತಿಂಗಳಿಂದ ಹತ್ತು ತಿಂಗಳೊಳಗೆ ‘ಬಾಬಾಬಾ’, ‘ಮಾಮಾ’, ‘ದಾದಾ’ ಎಂಬ ಸಾಲು ಸಾಲು ಉಲಿ ಶುರುವಾಗುತ್ತದೆ. ಕಣ್ಣಿಗೆ ಕಾಣುವ, ತುಟಿಯೆರಡನ್ನು ಮುಚ್ಚಿ ತೆರೆದರೆ ಸಾಕಾಗುವ ಪ, ಬ, ಮ ಮುಂಚೂಣಿಯಲ್ಲಿರುತ್ತವೆ. ಅವುಗಳ ಜೊತೆಗೋ ಸ್ವಲ್ಪ ಹಿಂದೆಯೋ ತ, ದ, ನ ಬರುತ್ತವೆ. ಕ, ಗ ನಂತರ. ಅಮ್ಮ, ಅಪ್ಪ, ಅತ್ತೆ ಎಂಬ ಸಂಬಂಧಸೂಚಕಗಳು ಮಗುವಿನ ಬಾಯಿಗೆ ಹೊಂದುವಂತೆಯೇ ಇರುವುದು ಕಾಕತಾಳೀಯವಲ್ಲ. ನಮ್ಮ ವರ್ಣಮಾಲೆ ಗಂಟಲಿನ ಕಡೆಯಿಂದ ತುಟಿಯ ಕಡೆಗೆ, ಕವರ್ಗದಿಂದ ಪವರ್ಗಕ್ಕೆ ಸಾಗುತ್ತದೆ. ಮಗು ಮಾತ್ರ ಅದನ್ನು ಹಿಂದುಮುಂದಾಗಿ ಓದಿಕೊಂಡಂತೆ ಪವರ್ಗದಿಂದ ಹೊರಡುತ್ತದೆ.

ತಡವಾಗಿ ಬರುವವು ಎಂದರೆ ರ, ಳ, ಸ, ಶ ಮತ್ತು ಬೇರೆ ಬೇರೆ ವ್ಯಂಜನಗಳು ಕೂಡಿದ ಒತ್ತಕ್ಷರಗಳು. ಲೋಕದ 27 ಭಾಷೆಗಳ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟುಹಾಕಿ 2018ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಹೆಚ್ಚಿನ ವ್ಯಂಜನಗಳು ಐದು ವರ್ಷ ತುಂಬುವ ಹೊತ್ತಿಗೆ ಮಕ್ಕಳ ವಶವಾಗಿರುತ್ತವೆ ಎಂದು ತೋರಿಸಿತು. ಕನ್ನಡದ ಮಕ್ಕಳೂ ಇದಕ್ಕೆ ಹೊರತಲ್ಲ. ಇದನ್ನು ಗಡುವು ಎಂದುಕೊಳ್ಳಬಾರದು. ಒಂದು ಮಗು ಮೂರಕ್ಕೇ ‘ರ’ ಹಿಡಿದರೆ, ಅದರ ತಮ್ಮ ಐದರ ಹೊಸ್ತಿಲಲ್ಲಿ ಹಿಡಿಯಬಹುದು.

ಹೊರಗಿನವರಿಗೆ ಮಗುವಿನ ಮಾತು ಎಷ್ಟು ಅರ್ಥವಾಗಬೇಕು?

ವಾಕ್ ಚಿಕಿತ್ಸಕರು ಬಳಸುವ ಸ್ಥೂಲವಾದ ಅಳತೆಯೊಂದಿದೆ: ಪರಿಚಯವಿಲ್ಲದವರಿಗೆ ಎರಡು ವರ್ಷದ ಮಗುವಿನ ಮಾತು ಅರ್ಧದಷ್ಟು, ಮೂರರಲ್ಲಿ ಮುಕ್ಕಾಲು ಪಾಲು, ನಾಲ್ಕರಲ್ಲಿ ಹೆಚ್ಚುಕಡಿಮೆ ಪೂರ್ತಿ ತಿಳಿಯಬೇಕು. ಇಲ್ಲಿ ‘ಪರಿಚಯವಿಲ್ಲದವರು’ ಎಂಬುದು ಮುಖ್ಯ. ತಾಯಿಯ ಕಿವಿ ಆ ಮಗುವಿನ ಭಾಷೆಯ ನಿಘಂಟೇ ಆಗಿರುವುದರಿಂದ ಅವಳ ಸಾಕ್ಷ್ಯವನ್ನು ಈ ಅಳತೆಗೆ ತೆಗೆದುಕೊಳ್ಳುವಂತಿಲ್ಲ. ಹಾಲು ಹಾಕುವವರನ್ನೋ ಪಕ್ಕದ ಮನೆಯವರನ್ನೋ ಕೇಳಿ ನೋಡಬೇಕು.

ಕನ್ನಡದ ‘ರ’ ಅಷ್ಟು ಕಷ್ಟ ಏಕೆ?

‘ಪ’ ಹೇಳಲು ತುಟಿ ಮುಚ್ಚಿದರಾಯಿತು. ‘ರ’ ಹೇಳಲು ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿರುವ ಒಸಡಿನ ಉಬ್ಬಿಗೆ, ಕಣ್ಣೆವೆ ಇಕ್ಕುವುದಕ್ಕಿಂತ ಬೇಗ, ಒಮ್ಮೆ ಬಡಿದು ಹಿಂದಿರುಗಬೇಕು. ತುಸು ಹೆಚ್ಚು ಹೊತ್ತು ನಿಂತರೆ ಅದು ‘ದ’ದಂತೆ ಕೇಳುತ್ತದೆ, ನಾಲಿಗೆಯ ತುದಿ ಮೇಲೆಯೇ ಉಳಿದು ಅಂಚುಗಳಿಂದ ಗಾಳಿ ಹರಿದರೆ ‘ಲ’ ಆಗುತ್ತದೆ, ಮೇಲಕ್ಕೆ ಮುಟ್ಟದೇ ಹೋದರೆ ‘ಯ’ದ ಕಡೆಗೆ ಜಾರುತ್ತದೆ. ಮಕ್ಕಳ ಬಾಯಲ್ಲಿ ‘ಮರ’ ‘ಮದ’, ‘ಮಲ’, ‘ಮಯ’ ಎಂದು ಮೂರು ವೇಷ ಹಾಕುವುದು ಇದರಿಂದಲೇ. ಮೂರೂ ಗುರಿಯ ಸುತ್ತಲೇ ಬಿದ್ದ ಕಲ್ಲುಗಳು.

ತರೀಕೆರೆ ಏರಿಯ ಮೇಲೆ ಮೂರು ಕರಿ ಕುರಿಮರಿಗಳನ್ನು ಮೇಯಿಸುವ ನಾಲಿಗೆಯ ಕಸರತ್ತನ್ನು ಮೂರು ವರ್ಷದ ಮಗುವಿನಿಂದ ಹೇಳಿಸುವ ಉತ್ಸಾಹಿ ಮಾವಂದಿರು ಎಲ್ಲ ಮನೆಗಳಲ್ಲೂ ಇರುತ್ತಾರೆ. ‘ರ’ ಬಂದವರು ಅದನ್ನು ಹರಿತ ಮಾಡಿಕೊಳ್ಳಲು ಅದು ಒಳ್ಳೆಯ ಆಟ. ಇನ್ನೂ ಬಾರದವರಿಗೆ ಸೋಲಿನ ಸರಮಾಲೆ. ಅದರ ಬದಲು ಆಟೋ ‘ಡುರ್ರ್’ ಎಂದು ಹೊರಡುವುದು, ಬಟ್ಟೆ ‘ಪರ್ರ್’ ಎಂದು ಹರಿಯುವುದು, ಗಾಳಿಪಟ ‘ಭರ್ರ್’ ಎಂದು ಏರುವುದು, ಇಂಥ ಸದ್ದುಗಳನ್ನು ಆಟದ ನಡುವೆ ನೀವೇ ಮಾಡುತ್ತ ಹೋಗಿ. ಮಗು ತುಟಿಯಲ್ಲಿ ‘ಬುರ್ರ್’ ಎಂದು ನೊರೆ ಹಾರಿಸಿದರೂ ಸರಿ, ಕಂಪನದ ರುಚಿ ಅದಕ್ಕೆ ಹತ್ತಿತು ಎಂದೇ ಅರ್ಥ.

‘ಳ’ ಮತ್ತು ‘ಣ’ ಹೇಳುವುದಿಲ್ಲ. ‘ಅಜ್ಜಿಯ ಹಲ್ಲಿಗೆ ಹೋಗೋನ’ ಎನ್ನುತ್ತಾಳೆ.

ಹಳ್ಳಿ ಹಲ್ಲಿಯಾಗುವುದು, ಬಳೆ ಬಲೆಯಾಗುವುದು, ಊಟದ ಹುಳಿ ಕಾಡಿನ ಹುಲಿಯಾಗುವುದು ಕನ್ನಡದ ಬಾಲ್ಯದ ಖಾಸಾ ವಿನೋದಗಳು. ‘ಳ’, ‘ಣ’, ‘ಟ’, ‘ಡ’ ಈ ನಾಲ್ಕಕ್ಕೂ ನಾಲಿಗೆಯ ತುದಿ ಹಿಂದಕ್ಕೆ ಬಾಗಿ ಬಾಯಿಯ ಮೇಲ್ಭಾಗದ ಅಂಗುಳಕ್ಕೆ ತಾಗಬೇಕು. ‘ಆಟೋ’ ‘ಆತೋ’ ಆಗುವುದು ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ, ಏಕೆಂದರೆ ಅಲ್ಲಿ ನಾಲಿಗೆ ತಾಗಿ ಬಿಟ್ಟರೆ ಸಾಕು. ‘ಳ’ದಲ್ಲಿ ನಾಲಿಗೆ ಬಾಗಿರುವಾಗಲೇ ಅಂಚುಗಳಿಂದ ಗಾಳಿ ಹರಿಯಬೇಕಾದ ಎರಡು ಕೆಲಸ ಒಟ್ಟಿಗೆ ನಡೆಯಬೇಕು.

ಅರ್ಥ ಬದಲಾಗುವ ಇಂಥ ಜೋಡಿಪದಗಳೇ ಕಲಿಕೆಯ ಸಾಧನಗಳೂ ಹೌದು. ನಾಲ್ಕರ ಆಸುಪಾಸಿನ ಮಗುವಿನ ಮುಂದೆ ಹಲ್ಲಿಯ ಚಿತ್ರವನ್ನೂ ಹಳ್ಳಿಯ ಚಿತ್ರವನ್ನೂ ಇಟ್ಟು, ‘ಹಳ್ಳಿ ಎಲ್ಲಿದೆ ತೋರಿಸು’ ಎಂದು ನೀವು ಹೇಳಿ ಅದು ತೋರಿಸುವ ಆಟ ಮೊದಲು ಆಗಲಿ. ಆಮೇಲೆ ಸರದಿ ಬದಲಿಸಿ, ಮಗು ಹೇಳಿದ್ದನ್ನು ನೀವು ತೋರಿಸಿ. ‘ಹಲ್ಲಿ’ ಎಂದರೆ ಹಲ್ಲಿಯನ್ನೇ ತೋರಿಸಿದಾಗ ಮಗು ತಾನಾಗಿಯೇ ನಾಲಿಗೆಯನ್ನು ಬೇರೆ ರೀತಿಯಲ್ಲಿ ಹೊರಳಿಸಿ ನೋಡುತ್ತದೆ. ನೂರು ಸಲ ‘ಳ ಹೇಳು, ಳ ಹೇಳು’ ಎನ್ನುವುದಕ್ಕಿಂತ ಈ ಒಂದು ಗೊಂದಲ ಹೆಚ್ಚು ಕಲಿಸುತ್ತದೆ.

ಸ, ಶ, ಷ ಮತ್ತು ಮಹಾಪ್ರಾಣಗಳ ವಿಷಯವೇನು?

‘ಸ’ ಬರುವ ಮುನ್ನ ‘ಚ’ ಅಥವಾ ‘ತ’ ಅದರ ಜಾಗದಲ್ಲಿ ಕೂರುವುದು ವಾಡಿಕೆ. ‘ಸ’ ಹೇಳುವಾಗ ನಾಲಿಗೆಯನ್ನು ಹಲ್ಲುಗಳ ನಡುವೆ ಹೊರಹಾಕುವ ಅಭ್ಯಾಸ ನಾಲ್ಕು ನಾಲ್ಕೂವರೆಯವರೆಗೆ ಹಲವು ಮಕ್ಕಳಲ್ಲಿ ಇರುತ್ತದೆ. ಆರು ಏಳರಲ್ಲಿ ಮುಂದಿನ ಹಾಲುಹಲ್ಲು ಬಿದ್ದಾಗ ಕೆಲ ತಿಂಗಳು ಮತ್ತೆ ಕಾಣಿಸಿಕೊಳ್ಳಲೂಬಹುದು. ‘ಶ’ ಮತ್ತು ‘ಷ’ಗಳ ವ್ಯತ್ಯಾಸವನ್ನು ದೊಡ್ಡವರೇ ಮಾತಿನಲ್ಲಿ ಪಾಲಿಸುವುದು ಅಪರೂಪವಾಗಿರುವಾಗ ಮಗುವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ‘ಭೂಮಿ’ಯ ‘ಭ’, ‘ಘಂಟೆ’ಯ ‘ಘ’ಗಳಿಗೂ ಇದೇ ಮಾತು: ಮಹಾಪ್ರಾಣ ಕನ್ನಡದ ಮಕ್ಕಳಿಗೆ ಬಹುಮಟ್ಟಿಗೆ ಅಕ್ಷರದ ಜೊತೆಗೆ, ಶಾಲೆಯಲ್ಲಿ ಬರುವ ಸಂಪತ್ತು.

‘ಪುಸ್ತಕ’ವನ್ನು ‘ಪುತ್ತಕ’ ಎನ್ನುತ್ತಾನೆ. ಒತ್ತಕ್ಷರಗಳು ಯಾವಾಗ ಬರುತ್ತವೆ?

ಒತ್ತಕ್ಷರಗಳಲ್ಲಿ ಎರಡು ಜಾತಿ ಇದೆ. ಅಮ್ಮ, ಅಪ್ಪ, ಅಕ್ಕ, ಅಜ್ಜಿ, ಬೆಕ್ಕುಗಳಲ್ಲಿರುವ ಸಜಾತಿ ಒತ್ತು ಕನ್ನಡದ ಮಗುವಿಗೆ ಮೊದಲ ಮಾತುಗಳ ಜೊತೆಗೇ ಬರುತ್ತದೆ. ಪುಸ್ತಕ, ಚಕ್ರ, ಚಂದ್ರ, ಬಿಸ್ಕತ್ತು, ಸ್ಕೂಲು ಇವುಗಳಲ್ಲಿರುವ ವಿಜಾತಿ ಒತ್ತು ವರ್ಷಗಟ್ಟಲೆ ಕಾಯಿಸುತ್ತದೆ. ಅದರಲ್ಲೂ ‘ರ’ ಕೂಡಿದವು ಎಲ್ಲಕ್ಕಿಂತ ಕೊನೆಗೆ.

ಅಲ್ಲಿಯವರೆಗೆ ಮಗು ಮಾಡುವ ಉಪಾಯ ಸ್ವಾರಸ್ಯಕರವಾದದ್ದು. ಗೊತ್ತಿಲ್ಲದ ವಿಜಾತಿ ಒತ್ತನ್ನು ಗೊತ್ತಿರುವ ಸಜಾತಿ ಒತ್ತನ್ನಾಗಿ ಮಾಡಿಕೊಳ್ಳುತ್ತದೆ: ‘ಪುಸ್ತಕ’ ‘ಪುತ್ತಕ’, ‘ಚಕ್ರ’ ‘ಚಕ್ಕ’, ‘ಬಿಸ್ಕತ್ತು’ ‘ಬಿಕ್ಕತ್ತು’. ಇಲ್ಲವೇ ನಡುವೆ ಒಂದು ಸ್ವರವನ್ನು ಸೇರಿಸಿ ಒತ್ತನ್ನು ಬಿಡಿಸುತ್ತದೆ. ತದ್ಭವಗಳನ್ನು ಓದಿದವರಿಗೆ ಈ ಎರಡೂ ದಾರಿಗಳು ಹೊಸತೆನಿಸಲಾರವು. ‘ಅಕ್ಷರ’ ‘ಅಕ್ಕರ’ವಾದದ್ದು, ‘ಪುಸ್ತಕ’ ‘ಪೊತ್ತಗೆ’ಯಾಗಿ ‘ಹೊತ್ತಗೆ’ಯಾದದ್ದು ಮೊದಲ ದಾರಿಯಲ್ಲಿ, ‘ಭಕ್ತಿ’ ‘ಬಕುತಿ’ಯಾದದ್ದು, ‘ಲಕ್ಷ್ಮಿ’ ‘ಲಕುಮಿ’ಯಾದದ್ದು ಎರಡನೆಯ ದಾರಿಯಲ್ಲಿ. ಹಳಗನ್ನಡದ ‘ಮೞೆ’ಯ ‘ೞ’ವನ್ನು ‘ಳ’ಕ್ಕೆ ಒಪ್ಪಿಸಿ ‘ಮಳೆ’ ಎಂದ ಭಾಷೆ ನಮ್ಮದು. ಹಿರಿಯರೆಲ್ಲ ಸೇರಿ ಶತಮಾನಗಳಲ್ಲಿ ಮಾಡಿಕೊಂಡ ಸೌಕರ್ಯವನ್ನು ಮಗುವೊಂದು ಒಂದೆರಡು ವರ್ಷದ ಮಟ್ಟಿಗೆ ಮಾಡಿಕೊಂಡರೆ ಗದರುವುದೇಕೆ?

ತಾನು ತಪ್ಪು ಹೇಳುತ್ತಿದ್ದೇನೆಂದು ಮಗುವಿಗೆ ತಿಳಿಯುತ್ತದೆಯೇ?

ಪದ ಹೇಗಿರಬೇಕೆಂಬುದು ಅದಕ್ಕೆ ಚೆನ್ನಾಗಿ ತಿಳಿದಿರುತ್ತದೆ. ‘ಲೈಲು ಬಂತು’ ಎಂದ ಮಗುವಿಗೆ ಅಪ್ಪ ‘ಓ, ಲೈಲು ಬಂತಾ?’ ಎಂದು ನಕಲು ಮಾಡಿದರೆ ಮಗು ಸಿಟ್ಟಾಗಿ ‘ಲೈಲು ಅಲ್ಲ, ಲೈಲು!’ ಎನ್ನುತ್ತದೆ. ಅಮೆರಿಕದ ಇಬ್ಬರು ಭಾಷಾ ಸಂಶೋಧಕರು 1960ರಲ್ಲಿ ಇದನ್ನು ದಾಖಲಿಸಿದ್ದಾರೆ. ‘ಫಿಶ್’ ಎಂಬುದನ್ನು ‘ಫಿಸ್’ ಎನ್ನುತ್ತಿದ್ದ ಮಗು, ದೊಡ್ಡವರು ‘ಫಿಸ್’ ಎಂದಾಗ ಒಪ್ಪದೆ, ‘ಫಿಶ್’ ಎಂದಾಗ ಮಾತ್ರ ಹೌದೆಂದಿತು. ಅಂದರೆ ಕಿವಿ ಗುರಿ ಮುಟ್ಟಿಯಾಗಿದೆ, ನಾಲಿಗೆ ಇನ್ನೂ ದಾರಿಯಲ್ಲಿದೆ. ಇದು ಅರಿವಾದರೆ, ‘ಸರಿಯಾಗಿ ಕೇಳಿಸಿಕೊಂಡು ಹೇಳು’ ಎಂಬ ಗದರಿಕೆ ಎಷ್ಟು ವ್ಯರ್ಥವೆಂಬುದೂ ಅರಿವಾಗುತ್ತದೆ.

ಹಾಗಾದರೆ ತಿದ್ದಲೇಬಾರದೇ?

ತಡೆದು ನಿಲ್ಲಿಸಿ ತಿದ್ದಬೇಡಿ. ಸರಿಯಾದ ರೂಪವನ್ನು ಉತ್ತರದೊಳಗೆ ಇಟ್ಟುಕೊಡಿ. ‘ಅಮ್ಮಾ, ಕಾಲು ಬಂತು’ ಎಂದರೆ ‘ಹೌದಲ್ಲ, ಕಾರು ಬಂತು. ಕೆಂಪು ಕಾರು. ಯಾರ ಕಾರು ಅದು?’ ಎಂದು ಹೇಳಿ ಮಾತು ಮುಂದುವರಿಸಿ. ಮಗು ತನ್ನ ಸುದ್ದಿಗೆ ಉತ್ತರ ಪಡೆಯಿತು, ಜೊತೆಗೆ ‘ಕಾರು’ ಎಂಬುದನ್ನು ಮೂರು ಸಲ ಕೇಳಿತು, ಸೋತೆನೆಂಬ ಭಾವ ಒಮ್ಮೆಯೂ ಬರಲಿಲ್ಲ. ಹೀಗೆ ಹೇಳುವಾಗ ನಿಮ್ಮ ಮುಖ ಮಗುವಿನ ಮುಖದ ಮಟ್ಟದಲ್ಲಿರಲಿ, ಮಾತು ತುಸು ನಿಧಾನವಿರಲಿ. ‘ಇನ್ನೊಮ್ಮೆ ಹೇಳು’ ಎಂದು ಒತ್ತಾಯಿಸಬೇಡಿ. ಹೇಳಿದರೆ ಸಂತೋಷ, ಹೇಳದಿದ್ದರೂ ಕೆಲಸ ಆಗಿದೆ. ನೆಂಟರಿಷ್ಟರು ಬಂದಾಗ ಮಗುವನ್ನು ಕರೆದು ‘ರೈಲು ಅನ್ನು, ಮಾಮಂಗೆ ತೋರ್ಸು’ ಎಂದು ಪ್ರದರ್ಶನಕ್ಕೆ ನಿಲ್ಲಿಸಿ ನಗುವುದನ್ನಂತೂ ಯಾವ ಕಾರಣಕ್ಕೂ ಮಾಡಬಾರದು. ಮೊದಲೆರಡು ಸಲ ಮಗುವೂ ನಗುತ್ತದೆ. ಮೂರನೆಯ ಸಲ ಬಾಯಿ ಮುಚ್ಚಿಕೊಳ್ಳುತ್ತದೆ.

ದೊಡ್ಡವರು ಮಗುವಿನ ಜೊತೆ ಬಾಲಭಾಷೆಯಲ್ಲಿ ಮಾತಾಡಿದರೆ ಹಾನಿಯೇ?

ಬುವ್ವ, ತಾಚಿ, ಜೋಜೋ, ಅಂಬಾ, ಬೌಬೌ ಇವೆಲ್ಲ ಪರಂಪರೆಯಿಂದ ಬಂದ, ಮಗುವಿನ ಬಾಯಿಗೆ ಅಳೆದು ಮಾಡಿದ ಪದಗಳು. ಅವು ಮಾತಿಗೆ ಏಣಿಯಾಗುತ್ತವೆಯೇ ಹೊರತು ಅಡ್ಡಿಯಾಗುವುದಿಲ್ಲ. ರಾಗವಾಗಿ, ಎಳೆದು, ಮುದ್ದಿನ ದನಿಯಲ್ಲಿ ಆಡುವ ಮಾತಿನತ್ತ ಶಿಶುಗಳು ಹೆಚ್ಚು ಗಮನ ಕೊಡುತ್ತವೆ ಎಂಬುದೂ ಸಿದ್ಧವಾದ ಸಂಗತಿ. ಬೇಡವಾದದ್ದು ಬೇರೆ: ಮಗುವಿನ ತಪ್ಪನ್ನೇ ಹಿಡಿದು ‘ಪುಟ್ಟಂಗೆ ತೊಪ್ಪು ಬೇಕಾ?’ ಎಂದು ಮನೆಮಂದಿಯೆಲ್ಲ ಕೇಳತೊಡಗಿದರೆ ‘ಸೊಪ್ಪು’ ಎಂಬುದನ್ನು ಅದು ಕೇಳುವುದಾದರೂ ಯಾರಿಂದ?

ನಾಲಿಗೆಯ ಕೆಳಗಿನ ದಾರವನ್ನು ಕತ್ತರಿಸಿದರೆ ಮಾತು ಸ್ಪಷ್ಟವಾಗುತ್ತದೆ ಎನ್ನುತ್ತಾರೆ. ನಿಜವೇ?

ಬಹುಪಾಲು ಮಕ್ಕಳ ವಿಷಯದಲ್ಲಿ ನಿಜವಲ್ಲ. ನಾಲಿಗೆಯನ್ನು ಬಾಯಿಯ ತಳಕ್ಕೆ ಹಿಡಿದಿಡುವ ಪೊರೆ ಎಲ್ಲರಿಗೂ ಇದೆ. ಕೆಲವರಲ್ಲಿ ಅದು ಗಿಡ್ಡವಾಗಿರುತ್ತದೆ. ಅಂಥವರಿಗೆ ಎಳೆತನದಲ್ಲಿ ಮೊಲೆಹಾಲು ಕುಡಿಯುವುದು ಕಷ್ಟವಾಗಬಹುದು, ತುದಿನಾಲಿಗೆಯ ಧ್ವನಿಗಳಿಗೆ ಒಮ್ಮೊಮ್ಮೆ ತೊಡಕಾಗಬಹುದು. ಆದರೆ ಮಗು ಮಾತೇ ಆಡದಿರುವುದಕ್ಕೆ ಅದು ಕಾರಣವಲ್ಲ. ಬಾಯಿ ತೆರೆದಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಭಾಗವನ್ನು ಮುಟ್ಟುವುದಾದರೆ, ತುಟಿಯ ಮೇಲಿನ ಜೇನನ್ನೋ ಬೆಲ್ಲವನ್ನೋ ನೆಕ್ಕುವುದಾದರೆ, ‘ರ’ ಬಾರದಿರುವುದಕ್ಕೆ ದಾರವನ್ನು ದೂರುವಂತಿಲ್ಲ. ‘ಕ’, ‘ಗ’ಗಳಂಥ ಹಿನ್ನಾಲಿಗೆಯ ಧ್ವನಿಗಳಿಗೂ ಆ ದಾರಕ್ಕೂ ಸಂಬಂಧವಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ವಾಕ್ ಚಿಕಿತ್ಸಕರ ಅಭಿಪ್ರಾಯ ಪಡೆಯಿರಿ.

ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಜೇನು ನೆಕ್ಕಿಸುವುದು?

ಬಜೆಯಿಂದ ನಾಲಿಗೆ ಚುರುಕಾಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲೂ ನಗರಗಳಲ್ಲೂ ಬೇರೂರಿದೆ. ಅಜ್ಜಿಯರ ಮಮತೆಯನ್ನು ಪ್ರಶ್ನಿಸದೆಯೂ ಹೇಳಬೇಕಾದದ್ದಿಷ್ಟು: ಉಚ್ಚಾರಣೆ ನಾಲಿಗೆಯ ಚರ್ಮದ ಕೆಲಸವಲ್ಲ, ಕಿವಿ, ಮಿದುಳು ಮತ್ತು ಸ್ನಾಯುಗಳ ಹೊಂದಾಣಿಕೆಯ ಕೆಲಸ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ರಾಸಾಯನಿಕ ಪ್ರಯೋಗಾಲಯದ ಪ್ರಾಣಿಗಳಲ್ಲಿ ಗಡ್ಡೆಗಳಿಗೆ ಕಾರಣವಾದದ್ದರಿಂದ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಜೇನನ್ನಂತೂ ಒಂದು ವರ್ಷ ತುಂಬದ ಕೂಸಿಗೆ ಒಂದು ಹನಿಯನ್ನೂ ಕೊಡಬಾರದು. ಬೊಟುಲಿಸಂ ಎಂಬ, ಅಪರೂಪವಾದರೂ ಸ್ನಾಯುಗಳ ಶಕ್ತಿಯನ್ನೇ ಉಡುಗಿಸುವ ರೋಗದ ಅಪಾಯ ಅದರಲ್ಲಿದೆ.

ಎಲ್ಲರೂ ನಾಲಿಗೆಯನ್ನೇ ನೋಡುತ್ತಾರೆ. ನಿಜವಾಗಿ ಮೊದಲು ಪರೀಕ್ಷಿಸಬೇಕಾದದ್ದು ಯಾವುದು?

ಕಿವಿ. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ಸಮಯ ಇರುವವರು ಇದನ್ನು ಓದಿದರೆ ಸಾಕು.

ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳನ್ನು ನವಜಾತ ಶಿಶುಗಳ ತಪಾಸಣೆಯಲ್ಲಿ ಗುರುತಿಸಬಹುದು. ಕಿವಿಯೊಳಗೆ ಬಿರಡೆಯಂಥ ಪುಟ್ಟ ಸಾಧನವೊಂದನ್ನಿಟ್ಟು ಸದ್ದು ಕಳಿಸಿ ಒಳಗಿವಿಯ ಮರುದನಿಯನ್ನು ಅಳೆಯುವ ಆ ಪರೀಕ್ಷೆಯಿಂದ ನೋವಾಗುವುದಿಲ್ಲ, ಮಗು ನಿದ್ದೆಯಲ್ಲಿದ್ದರೂ ಆಗುತ್ತದೆ. ಆದರೆ ಒಮ್ಮೆ ಪಾಸಾದ ಮಗುವಿಗೆ ಮುಂದೆ ತೊಂದರೆ ಬರುವುದಿಲ್ಲವೆಂದಲ್ಲ. ನೆಗಡಿ ಕೆಮ್ಮುಗಳ ಬೆನ್ನಿಗೆ ಮಧ್ಯಕಿವಿಯಲ್ಲಿ ದ್ರವ ಸೇರಿಕೊಂಡು, ನೋವೂ ಇಲ್ಲದೆ ಸೋರಿಕೆಯೂ ಇಲ್ಲದೆ ವಾರಗಟ್ಟಲೆ ನಿಲ್ಲುವುದು ಈ ವಯಸ್ಸಿನಲ್ಲಿ ಬಹಳ ಸಾಮಾನ್ಯ. ಆಗ ಮಗುವಿನ ಶ್ರವಣ ಪೂರ್ತಿ ಹೋಗುವುದಿಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡಂತೆ ಮಂದವಾಗುತ್ತದೆ. ಕುಕ್ಕರಿನ ಕೂಗಿಗೆ ತಿರುಗುತ್ತದೆ, ಬಾಗಿಲ ಸದ್ದಿಗೆ ಓಡುತ್ತದೆ, ಹಾಗಾಗಿ ‘ಕಿವಿ ಚೆನ್ನಾಗಿದೆ’ ಎಂದು ಮನೆಯವರು ನಂಬುತ್ತಾರೆ. ಆದರೆ ‘ಸ’, ‘ಶ’ಗಳಂಥ ಮೆಲುವಾದ, ಎತ್ತರದ ಶ್ರುತಿಯ ಧ್ವನಿಗಳು ಅದನ್ನು ತಲುಪುವುದೇ ಇಲ್ಲ. ತಲುಪದ ಧ್ವನಿಯನ್ನು ಯಾವ ನಾಲಿಗೆಯೂ ಕಲಿಯಲಾರದು. ಪದೇ ಪದೇ ಕಿವಿ ಸೋರುವ, ಬಾಯಿಂದ ಉಸಿರಾಡುವ, ಟಿವಿಯ ದನಿ ಏರಿಸುವ, ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗದ ಮಗುವನ್ನು ಶ್ರವಣ ತಜ್ಞರಿಗೆ ತೋರಿಸದೆ ಉಚ್ಚಾರಣೆಯ ಅಭ್ಯಾಸ ಮಾಡಿಸುವುದು ತಳವಿಲ್ಲದ ಬಿಂದಿಗೆಗೆ ನೀರು ಸೇದಿದಂತೆ.

ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಶಿಶುವಿಹಾರದಲ್ಲಿ ಇಂಗ್ಲಿಷ್. ಇದರಿಂದ ಮಾತು ತಡವಾಗುತ್ತದೆಯೇ?

ಇಲ್ಲ. ತುಳು, ಕೊಂಕಣಿ, ಕೊಡವ, ಉರ್ದು, ತೆಲುಗು, ಬ್ಯಾರಿ ಮನೆಗಳ ಮಕ್ಕಳು ತಲೆಮಾರುಗಳಿಂದ ಎರಡು ಮೂರು ಭಾಷೆಗಳನ್ನು ಒಟ್ಟಿಗೇ ಕಲಿಯುತ್ತ ಬಂದಿದ್ದಾರೆ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಗಳ ಪದಗಳನ್ನೂ ಕೂಡಿಸಿ ಎಣಿಸಬೇಕು, ಅಷ್ಟೆ. ನಿಜವಾದ ತೊಂದರೆಯಿರುವ ಮಗುವಿಗೆ ಅದು ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಒಂದು ಭಾಷೆಯನ್ನು ಬಿಡಿಸಿದರೆ ಹೋಗುವುದಿಲ್ಲ. ಮಾತು ತಡವಾಯಿತೆಂದು ಮನೆಮಾತನ್ನು ಕೈಬಿಟ್ಟು, ತಮಗೇ ಸರಾಗವಲ್ಲದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ಮಾತಾಡತೊಡಗುವ ತಂದೆತಾಯಿಯರನ್ನು ಕಂಡಾಗ ಬೇಸರವಾಗುತ್ತದೆ.

ನಾವು ಅಮೆರಿಕದಲ್ಲಿದ್ದೇವೆ. ಮಗುವಿಗೆ ‘ಳ’, ‘ಣ’, ‘ತ–ಟ’ ವ್ಯತ್ಯಾಸ ಬರಬೇಕಾದರೆ ಏನು ಮಾಡಬೇಕು?

ಬೇಗ ಆರಂಭಿಸಬೇಕು, ಮತ್ತು ಮನುಷ್ಯರ ಬಾಯಿಂದ ಆರಂಭಿಸಬೇಕು. 1984ರಲ್ಲಿ ಪ್ರಕಟವಾದ ಹೆಸರಾಂತ ಪ್ರಯೋಗವೊಂದರಲ್ಲಿ, ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ಗಳ ಭೇದವನ್ನು ಸಲೀಸಾಗಿ ಗುರುತಿಸಿದವು, ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹಳಷ್ಟು ಮಸುಕಾಗಿತ್ತು. ಹಿಂದಿ ಕೇಳುತ್ತ ಬೆಳೆದ ಕೂಸುಗಳಲ್ಲಿ ಅದು ಉಳಿದಿತ್ತು. ಕಿವಿ ಬಳಕೆಯಿಲ್ಲದ ಭೇದಗಳನ್ನು ಒಂದು ವರ್ಷದೊಳಗೇ ಕಟ್ಟಿಡತೊಡಗುತ್ತದೆ ಎಂದಾಯಿತು. ‘ದೊಡ್ಡವಳಾದ ಮೇಲೆ ಕನ್ನಡ ಕಲಿಸಿದರಾಯಿತು’ ಎನ್ನುವವರು ಇದನ್ನು ನೆನಪಿಡಬೇಕು. ತಡವಾದವರಿಗೆ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ, ಆದರೆ ಹೆಚ್ಚು ತಳ್ಳಬೇಕಾಗುತ್ತದೆ. ಅಲ್ಲಿನ ಚಿಕಿತ್ಸಕರ ಬಳಿ ಹೋದಾಗ ಮನೆಮಾತು ಕನ್ನಡವೆಂದು ಮೊದಲೇ ತಿಳಿಸಿ. ಇಂಗ್ಲಿಷಿನ ‘ರ’ವನ್ನು ಮಗು ನಾಲಿಗೆ ಬಡಿದು ಹೇಳಿದರೆ ಅದು ದೋಷವಲ್ಲ, ಕನ್ನಡದ ನೆರಳು.

ಮೊಬೈಲಿನ ವಿಡಿಯೊ ನೋಡಿ ಉಚ್ಚಾರಣೆ ಕಲಿಯಲಾರರೇ?

ಒಂಬತ್ತು ತಿಂಗಳ ಅಮೆರಿಕದ ಕೂಸುಗಳ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎದುರು ಕುಳಿತು ಆಡಿಸುತ್ತ ಚೀನೀ ಭಾಷೆಯಲ್ಲಿ ಮಾತಾಡಿದವರಿಂದ ಮಕ್ಕಳು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದರು. ಅವೇ ಮಾತುಗಳನ್ನು ಪರದೆಯ ಮೇಲೆ ತೋರಿಸಿದಾಗ ಏನನ್ನೂ ಹಿಡಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು.

ನಮ್ಮ ಕಡೆ ಎಲ್ಲರೂ ‘ಆಲು’, ‘ಸಾಲಿ’ ಎಂದೇ ಹೇಳುತ್ತೇವೆ. ಶಿಕ್ಷಕಿ ಮಗುವಿನ ಉಚ್ಚಾರಣೆ ಸರಿಯಿಲ್ಲ ಎನ್ನುತ್ತಾರೆ.

‘ಹಾಲು’ ‘ಆಲು’ ಆಗುವುದು ಹಳೆ ಮೈಸೂರಿನ ಹಲವು ಊರುಗಳ ಆಡುನುಡಿ. ‘ಶಾಲೆ’ ‘ಸಾಲಿ’ಯಾಗುವುದು ಉತ್ತರ ಕರ್ನಾಟಕದ್ದು. ಮಗು ತನ್ನ ಮನೆಯವರಂತೆ ಮಾತಾಡುತ್ತಿದ್ದರೆ ಅದು ಕಲಿಕೆ ಯಶಸ್ವಿಯಾಗಿದೆ ಎಂಬುದಕ್ಕೆ ಪುರಾವೆ. ಗ್ರಾಂಥಿಕ ಉಚ್ಚಾರಣೆಯನ್ನು ಶಾಲೆ ಕಲಿಸಲಿ, ಅದು ಶಾಲೆಯ ಕೆಲಸ. ಆದರೆ ಅದಕ್ಕೆ ಚಿಕಿತ್ಸೆ ಎಂಬ ಹೆಸರಿಡುವುದು ಸಲ್ಲದು. ಅಪ್ಪ ಅಮ್ಮ ಅಜ್ಜಿ ಎಲ್ಲರೂ ‘ಹಾಲು’ ಎನ್ನುವ ಮನೆಯಲ್ಲಿ ಐದು ವರ್ಷದ ಮಗುವೊಂದೇ ‘ಆಲು’ ಎನ್ನುತ್ತಿದ್ದರೆ, ಆ ಮಾತು ಬೇರೆ.

ತೊದಲುವುದು ಮತ್ತು ಉಗ್ಗುವುದು ಒಂದೇನೇ?

ಅಲ್ಲ. ‘ಲೈಲು’ ಎನ್ನುವುದು ತೊದಲು. ‘ರೈ-ರೈ-ರೈಲು’ ಎಂದು ತಡವರಿಸುವುದು ಉಗ್ಗು. ಎರಡರಿಂದ ನಾಲ್ಕರ ನಡುವೆ ವಾಕ್ಯಗಳು ಉದ್ದವಾಗುವಾಗ ಇದು ಹಲವರಲ್ಲಿ ಬಂದು ಹೋಗುತ್ತದೆ. ಆರು ತಿಂಗಳು ಮೀರಿದರೆ, ಮುಖ ಬಿಗಿಯುತ್ತಿದ್ದರೆ, ಮನೆತನದಲ್ಲಿ ಉಗ್ಗಿದ್ದರೆ ತೋರಿಸಿ.

ಕಾಯದೆ ತಜ್ಞರ ಬಳಿ ಹೋಗಬೇಕಾದ ಸಂದರ್ಭಗಳು ಯಾವುವು?

ಹತ್ತು ತಿಂಗಳಾದರೂ ‘ಬಾಬಾ’, ‘ಮಾಮಾ’ ಎಂಬ ಉಲಿಯೇ ಇಲ್ಲದಿದ್ದರೆ, ಹದಿನೆಂಟು ತಿಂಗಳಾದರೂ ಅರ್ಥವುಳ್ಳ ಪದ ಬಾರದಿದ್ದರೆ, ಎರಡು ತುಂಬಿದರೂ ‘ಅಪ್ಪ ಬಂತು’ ಎಂಬಂತೆ ಎರಡು ಪದ ಕೂಡಿಸದಿದ್ದರೆ, ಮೂರು ತುಂಬಿದರೂ ಮನೆಯವರಿಗೇ ಮಾತು ತಿಳಿಯದಿದ್ದರೆ ತಡಮಾಡಬೇಡಿ. ಬಂದಿದ್ದ ಮಾತು ಹೋಗಿಬಿಡುವುದು ಯಾವ ವಯಸ್ಸಿನಲ್ಲೂ ತುರ್ತಾದ ಲಕ್ಷಣ. ‘ಪಾಪು’ ‘ಮಾಮು’ವಿನಂತೆ ಕೇಳಿ ಗಾಳಿ ಮೂಗಿನಿಂದ ಹೊರಡುತ್ತಿದ್ದರೆ ಅಂಗುಳದ ಸೀಳು ಇದೆಯೇ ಎಂದು ನೋಡಿಸಬೇಕು, ಒಳಗಿನ ಪೊರೆಯ ಅಡಿಯಲ್ಲಿ ಅಡಗಿದ ಸೀಳು ಬರಿಗಣ್ಣಿಗೆ ಕಾಣದೆ ಹೋಗುವುದುಂಟು. ‘ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು’ ಎಂಬ ಸಮಾಧಾನ ಕೆಲವೊಮ್ಮೆ ನಿಜವಾಗುತ್ತದೆ, ಆದರೆ ಶ್ರವಣ ಪರೀಕ್ಷೆ ಮಾಡಿಸಿದ ಮೇಲೆ ಹೇಳಿಕೊಳ್ಳುವ ಸಮಾಧಾನವಾಗಿರಲಿ.

ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು? ಅಲ್ಲಿ ಏನು ಮಾಡುತ್ತಾರೆ?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸ ಮಾಡುತ್ತಿದೆ. ಕನ್ನಡದ ಉಚ್ಚಾರಣೆಯನ್ನು ಅಳೆಯಲು ಚಿತ್ರಗಳ ಪರೀಕ್ಷೆ 1972ರಷ್ಟು ಹಿಂದೆಯೇ ರೂಪುಗೊಂಡಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಈ ವಿಭಾಗವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ ಮತ್ತು ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತವೆ; ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರು ಬರುವ ದಿನ ತಿಳಿಯುತ್ತದೆ. ಖಾಸಗಿಯಾಗಿ ಹೋಗುವವರು ಚಿಕಿತ್ಸಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ಮರ್ಯಾದೆಗೇಡಲ್ಲ.

ಮೊದಲ ಭೇಟಿಯಲ್ಲಿ ಕಿವಿಯ ಪರೀಕ್ಷೆ, ಬಾಯಿಯ ಒಳಭಾಗದ ತಪಾಸಣೆ, ಆಮೇಲೆ ಚಿತ್ರ ತೋರಿಸಿ ಹೆಸರು ಹೇಳಿಸುವುದು ನಡೆಯುತ್ತದೆ. ಚಿಕಿತ್ಸೆ ಎಂದರೆ ಕನ್ನಡಿಯ ಮುಂದೆ ಆಟ, ಕೇ­ಳಿ ಗುರುತಿಸುವ ಆಟ, ಮೊದಲು ಬಿಡಿಧ್ವನಿ, ನಂತರ ಪದ, ನಂತರ ವಾಕ್ಯ. ವಾರಕ್ಕೆ ಒಂದೆರಡು ಗಂಟೆ ಅಲ್ಲಿ, ಉಳಿದ ದಿನಗಳಲ್ಲಿ ಐದೈದು ನಿಮಿಷ ಮನೆಯಲ್ಲಿ. ಹೋಗುವ ಮುನ್ನ ಮಗು ತನ್ನ ಪಾಡಿಗೆ ಆಡುತ್ತ ಮಾತಾಡುವುದನ್ನು ಫೋನಿನಲ್ಲಿ ಎರಡು ಮೂರು ನಿಮಿಷ ಚಿತ್ರೀಕರಿಸಿಕೊಂಡು ಹೋಗಿ. ಹೊಸ ಕೋಣೆಯಲ್ಲಿ, ಹೊಸ ಮುಖದ ಮುಂದೆ, ಮನೆಯ ವಾಚಾಳಿ ಬಾಯಿ ಬಿಡದೆ ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದು ತೀರ ಸಾಮಾನ್ಯ.